ಒಂಬತ್ತರವರೆಗೆ

ಸುತ್ತಿಗೆ ಗೇಟು ತೆಗೆಯಲಿಲ್ಲ, ಒದ್ದ. ಚಿಲಕ ಕಿತ್ತು ಅಂಗಳದ ನಡುವಿಗೆ ಹಾರಿ ಬಿತ್ತು. ಮೆಟ್ಟಿಲ ಬಳಿ ಚಪ್ಪಲಿ ಬಿಡುತ್ತಿದ್ದ ಎರಡು ಮಕ್ಕಳು ಒಂದೇ ಸಲಕ್ಕೆ ಬಾಯಿ ತೆಗೆದು ಅಳತೊಡಗಿದವು. ಮಕ್ಕಳನ್ನು ಬಿಡಲು ಬಂದಿದ್ದ ನಾಲ್ಕೈದು ಮಂದಿ ಗೋಡೆಗೆ ಸರಿದು ನಿಂತರು. ಅವನ ಅಂಗಿಯ ಎದೆಯ ಮೇಲೆ ಅಂಗೈಯಗಲದ ರಕ್ತದ ಕಲೆಯಿತ್ತು, ಇನ್ನೂ ಹಸಿಯಾಗಿಯೇ ಇತ್ತು. ಅದು ಅವನ ರಕ್ತವಲ್ಲ ಎಂಬುದು ನೋಡಿದ ಯಾರಿಗಾದರೂ ತಿಳಿಯುವಂತಿತ್ತು.

ಸುತ್ತಿಗೆ ಎಂಬುದು ಅಡ್ಡಹೆಸರು; ತಂದೆತಾಯಿ ಇಟ್ಟ ಹೆಸರು ಬೇರೆಯೇ ಇತ್ತು. ಕಲ್ಲುಕ್ವಾರಿಯಲ್ಲಿ ಅದನ್ನು ಕರೆದವರಿಲ್ಲ. ಉಳಿದವರು ಹತ್ತು ಪೆಟ್ಟು ಹಾಕಿ ಬೆವರೊರೆಸಿಕೊಳ್ಳುವ ಬಂಡೆಯ ಸುತ್ತ ಅವನು ಒಮ್ಮೆ ನಡೆದು, ಕೈಯಿಂದ ಸವರಿ, ಮೂರನೆಯ ಪೆಟ್ಟಿಗೆ ಹೋಳು ಮಾಡುತ್ತಿದ್ದ. ಹೆಸರು ಬಂದದ್ದು ಅದರಿಂದ ಎಂದು ಎದುರಿಗೆ ಹೇಳುತ್ತಿದ್ದರು. ಬೆನ್ನ ಹಿಂದೆ ಹೇಳುವ ಕಾರಣ ಇನ್ನೊಂದಿತ್ತು: ಆ ಮನುಷ್ಯನಿಗೆ ಬಾಯಿಗಿಂತ ಮೊದಲು ಕೈ ಆಡುತ್ತದೆ.

“ನನ್ನ ಮಗನ ಕೈಗೆ ಗೊಂಬೆ ಕೊಟ್ಟೋರು ಯಾರು?”

ಅಲ್ಲಿ ಕೂಲಿಯವರ ಮಕ್ಕಳನ್ನು ನೋಡಿಕೊಳ್ಳುವ ದೊಡ್ಡಕ್ಕ ಮಗುವೊಂದರ ಮೂಗು ಒರೆಸುತ್ತಿದ್ದಳು. ಒರೆಸಿ ಮುಗಿಸಿದಳು. “ನಾನೇ ಕೊಟ್ಟೆ ಕಣಪ್ಪ. ಮೊದಲು ಆ ಚಿಲಕ ಎತ್ತಿ ಕಡೆಗಿಡು. ಯಾವುದಾದ್ರೂ ಮಗುವಿನ ಕಾಲಿಗೆ ಸಿಕ್ಕೀತು.”

“ಕ್ವಾರಿಗೆ ಕ್ವಾರಿಯೇ ನಗ್ತಾ ಇದೆ. ಸುತ್ತಿಗೆ ಮಗ ಸೂಲಗಿತ್ತಿ ಆಗ್ತಾನಂತೆ, ಗೊಂಬೆಗೆ ನೀರು ಹಾಕ್ತಾನಂತೆ! ಹಾಗಂದವನ ಮೂಗು ಈಗ ಮುಖದ ಮೇಲಿಲ್ಲ, ಗೊತ್ತಾ?”

“ಮತ್ತೆಲ್ಲಿದೆ? ಜೇಬಲ್ಲಿ ಹಾಕ್ಕೊಂಡು ಬಂದ್ಯಾ?” ಒಲೆಯ ಕೋಣೆಯಿಂದ ಅಡುಗೆಯಮ್ಮನ ದನಿ ಬಂತು. ಗೋಡೆಗೆ ನಿಂತವರಲ್ಲಿ ಯಾರೋ ಕಿಸಕ್ಕೆಂದರು. ಸುತ್ತಿಗೆ ಆ ಕಡೆ ತಿರುಗಿದೊಡನೆ ನಗು ನಿಂತಿತು.

ಹಿಂದೊಮ್ಮೆ ಕಲ್ಲಿನ ಲಾರಿಗಳನ್ನು ತೂಗುತ್ತಿದ್ದ ಕಟ್ಟಡವದು. ಕ್ವಾರಿಯ ಕೆಳಗಿನ ದಿಬ್ಬದಲ್ಲಿ ಎರಡು ಕೋಣೆ, ಒಂದು ಒಲೆಯ ಕೋಣೆ, ಅಂಗಳದ ಪಕ್ಕಕ್ಕೆ ಉದ್ದದ ಜಗಲಿ. ತಾಯಂದಿರು ಜಲ್ಲಿ ಮಿಷನ್ನಿನಲ್ಲಿ, ತಂದೆಯರು ಬಂಡೆಯ ಮೇಲೆ ಇರುವಷ್ಟು ಹೊತ್ತು ಹದಿನಾಲ್ಕು ಮಕ್ಕಳು ಇಲ್ಲಿ ಇರುತ್ತಿದ್ದವು. ಅವು ಒಂದನ್ನೊಂದು ಕಚ್ಚುತ್ತಿದ್ದವು, ಪರಚುತ್ತಿದ್ದವು, ಆಟದ ಮರದ ತುಂಡಿನಿಂದ ತಲೆಗೆ ಕುಟ್ಟುತ್ತಿದ್ದವು, ಮರುಗಳಿಗೆಗೆ ಒಂದೇ ಚಾಪೆಯ ಮೇಲೆ ಕಾಲು ಕಾಲು ಹೆಣೆದು ಮಲಗುತ್ತಿದ್ದವು. ದೊಡ್ಡಕ್ಕನ ಎರಡೂ ಮುಂಗೈಗಳಲ್ಲಿ ಹಲ್ಲಿನ ಗುರುತು ಇಲ್ಲದ ದಿನವಿರಲಿಲ್ಲ.

ತಂದೆತಾಯಂದಿರ ತಕರಾರೂ ಅವಳಿಗೆ ಹೊಸದಲ್ಲ. ಮಣ್ಣಾಟಕ್ಕೆ ಒಬ್ಬಳು ಬಂದು ಕೂಗಾಡಿದ್ದಳು: “ಮೈಗೆ ಮಣ್ಣು ಮೆತ್ತಿಸಿಕೊಳ್ಳೋಕೆ ಇಲ್ಲಿಗ್ಯಾಕೆ ಕಳಿಸ್ಬೇಕು, ನಮ್ಮ ಮನೇಲೇನು ಮಣ್ಣಿಗೆ ಬರವೇ?” ಕತ್ತರಿ ಆಟಕ್ಕೆ ಒಬ್ಬ ಅಜ್ಜಿ, ನೀರಾಟಕ್ಕೆ ಒಬ್ಬ ಅಜ್ಜ. ದೊಡ್ಡಕ್ಕ ಯಾರೊಂದಿಗೂ ವಾದಕ್ಕಿಳಿಯುತ್ತಿರಲಿಲ್ಲ. ಅವಳದು ಒಂದೇ ಕಟ್ಟಳೆ. ಬೇಡ ಎನ್ನುವವರು ತಮ್ಮ ಮಗುವಿನ ಎದುರು ಕೂತು ಆ ಆಟವನ್ನು ಒಮ್ಮೆ ಆಡಬೇಕು; ಮಗು ಹೇಳಿಕೊಡಬೇಕು, ದೊಡ್ಡವರು ಕಲಿಯಬೇಕು. ಆಮೇಲೂ ಬೇಡವೆಂದರೆ ಬೇಡ. ಕತ್ತರಿಯ ಅಜ್ಜಿ ಬೆಳಗ್ಗೆ ಕೂತವಳು ಕಾಗದ ಕತ್ತರಿಸುತ್ತ ಕತ್ತರಿಸುತ್ತ ಒಲೆಯ ಮೇಲಿಟ್ಟು ಬಂದ ಪಾತ್ರೆಯನ್ನೇ ಮರೆತು, ಮನೆಯವರು ಹೊಗೆ ನೋಡಿ ಹುಡುಕಿಕೊಂಡು ಬಂದಿದ್ದರು. ಆರು ವರ್ಷದಲ್ಲಿ ಈ ಕಟ್ಟಳೆ ಅವಳ ಕೈಬಿಟ್ಟಿರಲಿಲ್ಲ.

ಸುತ್ತಿಗೆಯ ಮಗನಿಗೆ ನಾಲ್ಕು ವರ್ಷ. ಉಳಿದ ಮಕ್ಕಳು ಅವನನ್ನು ಮಿಟುಕ ಎನ್ನುತ್ತಿದ್ದವು. ಯಾರಾದರೂ ಕೈಯೆತ್ತಿದರೆ, ಅದು ತಲೆಗೂದಲು ಸರಿಮಾಡಿಕೊಳ್ಳಲೇ ಇರಲಿ, ಅವನ ಕಣ್ಣು ಪಟಪಟ ಮಿಟುಕುತ್ತಿದ್ದವು. ಬಂದ ನಾಲ್ಕು ತಿಂಗಳು ಅವನು ತುಟಿ ಬಿಚ್ಚಿರಲಿಲ್ಲ. ತಿಂಗಳ ಹಿಂದೆ ಗೊಂಬೆಸ್ನಾನದ ಆಟ ಶುರುವಾಯಿತು. ಜಗಲಿಯಲ್ಲಿ ಸಾಲಾಗಿ ನಾಲ್ಕು ಬೋಗುಣಿ, ಬೆಚ್ಚಗಿನ ನೀರು, ಸೋಪಿನ ಚೂರು, ಹಳೆಯ ಪಂಚೆಯ ತುಂಡು, ಒಂದೊಂದು ರಬ್ಬರ್ ಗೊಂಬೆ. ಮಿಟುಕ ಕಡೆಯ ಬೋಗುಣಿಗೆ ಹೋಗಿ, ಎಲ್ಲರಿಗೂ ಬೆನ್ನು ಮಾಡಿ ಕೂತ. ದೊಡ್ಡಕ್ಕ ಕೋಣೆಗೂ ಜಗಲಿಗೂ ನಡುವಿನ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಒಳಗೆ ಮಲಗಿದ ಕೂಸುಗಳ ಮೇಲೂ ಕಣ್ಣಿಡಬೇಕಲ್ಲ. ಅಲ್ಲಿಂದ ಅವನ ಬೆನ್ನು ಕಾಣುತ್ತಿತ್ತು, ದನಿ ಕೇಳುತ್ತಿತ್ತು. ಒಂದು, ಎರಡು, ಮೂರು… ಒಂಬತ್ತರವರೆಗೆ, ಒಂದೂ ತಪ್ಪದೆ. ಅವಳು ಯಾವ ಮಗುವಿಗೂ ಇನ್ನೂ ಎಣಿಕೆ ಹೇಳಿಕೊಟ್ಟಿರಲಿಲ್ಲ. ಆ ದಿನ ಅವಳು ಒಲೆಯ ಕೋಣೆಗೆ ಓಡಿ ಅಡುಗೆಯಮ್ಮನ ಭುಜ ಹಿಡಿದು ಅಲ್ಲಾಡಿಸಿದ್ದಳು. ಸಂಜೆ ಕರೆದೊಯ್ಯಲು ಬಂದ ಅವನ ತಾಯಿಗೂ ಹೇಳಿದ್ದಳು. ತಾಯಿ ಏನೂ ಹೇಳದೆ ಮಗನ ಕೈ ಹಿಡಿದು ಸರಸರ ನಡೆದುಬಿಟ್ಟಿದ್ದಳು. ಸಂತೋಷಕ್ಕೆ ಮಾತು ಹೊರಡಲಿಲ್ಲ ಎಂದುಕೊಂಡಿದ್ದಳು ದೊಡ್ಡಕ್ಕ.

ಈಗಲೂ ಅವಳ ಕೈಯಲ್ಲಿದ್ದ ಒಳ್ಳೆಯ ಮಾತು ಅದೇ. “ನೋಡಪ್ಪ, ಗೊಂಬೆ ಹುಡುಗಿಯರದು, ಸುತ್ತಿಗೆ ಹುಡುಗರದು ಅಂತ ಜಗಳ ನಂಗೆ ಬೇಡ. ನಾಲ್ಕು ತಿಂಗಳು ಕಲ್ಲಿನ ಹಾಗೆ ಕೂತಿದ್ದ ಮಗು. ಈಗ ಗೊಂಬೆ ಮುಂದೆ ಕೂತ್ರೆ ಒಂಬತ್ತರವರೆಗೆ ಎಣಿಸ್ತಾನೆ. ನಾನು ಕಲಿಸಿದ್ದಲ್ಲ.”

ಬೈಯಲು ತೆರೆದ ಸುತ್ತಿಗೆಯ ಬಾಯಿ ಹಾಗೇ ಮುಚ್ಚಿತು. ಮಗ ಎಲ್ಲಿದ್ದಾನೆಂದು ಕಿಟಕಿಯ ಕಡೆ ನೋಡಿದ. ದೊಡ್ಡಕ್ಕ ಅದನ್ನು ತಂದೆಯ ಹೆಮ್ಮೆ ಎಂದೇ ತಿಳಿದಳು.

“ಆಡಿ ನೋಡು. ಆಮೇಲೂ ಬೇಡ ಅಂದ್ರೆ ನಾಳೆಯಿಂದ ಅವನಿಗೆ ಗೊಂಬೆ ಇಲ್ಲ.”

“ನಾನು? ಗೊಂಬೆಗೆ ಸ್ನಾನ?”

“ಯಾಕಯ್ಯಾ, ನೀರು ಕಂಡ್ರೆ ಕರಗಿ ಹೋಗ್ತೀಯಾ?” ಗೋಡೆಯ ಬಳಿಯಿಂದ ಅಜ್ಜ ಕೆಣಕಿದ. ನೀರಾಟಕ್ಕೆ ತಕರಾರು ತೆಗೆದು ಆಮೇಲೆ ಮೊಣಕಾಲವರೆಗೆ ನೆನೆದುಕೊಂಡು ಹೋಗಿದ್ದ ಅಜ್ಜ ಇವನೇ. ಮೊಮ್ಮಗಳನ್ನು ಬಿಡಲು ದಿನಾ ಬರುತ್ತಿದ್ದ. “ಈ ವಯಸ್ಸಲ್ಲಿ ನಾನೇ ಕೂತು ಆಡಿದೆ. ನಿಂಗೇನು ಧಾಡಿ? ಬಂಡೆ ಮುಂದೆ ಗಂಡಸು, ಬೋಗುಣಿ ಮುಂದೆ ಪುಕ್ಕಲ!”

ಇಷ್ಟು ಜನರೆದುರು ಹಾಗೆ ಅನ್ನಿಸಿಕೊಂಡ ಮೇಲೆ ತಿರುಗಿ ಹೋಗುವಂತಿರಲಿಲ್ಲ. ಸುತ್ತಿಗೆ ಜಗಲಿಗೆ ನಡೆದ. ನೋಡುವ ಆಸೆಗೆ ಅಜ್ಜ, ಟ್ರ್ಯಾಕ್ಟರ್ ಓಡಿಸುವವ, ಮೂರು ಮಂದಿ ತಾಯಂದಿರು ಹಿಂದೆ ಬಂದರು.

ಮಿಟುಕ ಕಡೆಯ ಬೋಗುಣಿಯ ಬಳಿ ಆಗಲೇ ಕೂತಿದ್ದ, ಪಕ್ಕದ ಬೋಗುಣಿಯ ಬಳಿ ಅಜ್ಜನ ಮೊಮ್ಮಗಳು. ತಂದೆಯ ನೆರಳು ನೀರಿನ ಮೇಲೆ ಬಿದ್ದೊಡನೆ ಕಣ್ಣು ಪಟಪಟನೆ ಬಡಿದವು. ಸುತ್ತಿಗೆ ಎದುರಿಗೆ ಕುಕ್ಕರಗಾಲಲ್ಲಿ ಕೂತು ಹಲ್ಲು ಕಚ್ಚಿ ಹೇಳಿದ: “ಸುಮ್ನೆ ತೊಳಿ. ಬಾಯಿ ಬಿಡ್ಬೇಡ.”

“ಹಾಗಲ್ಲಪ್ಪ,” ಎಂದಳು ದೊಡ್ಡಕ್ಕ. ಇವತ್ತು ಅವಳು ಬಾಗಿಲಲ್ಲಿ ನಿಲ್ಲದೆ ಬೋಗುಣಿಯ ಪಕ್ಕಕ್ಕೇ ಬಂದಿದ್ದಳು. “ಅವನು ಗುರು, ನೀನು ಶಿಷ್ಯ. ಪುಟ್ಟಾ, ಅಪ್ಪಂಗೆ ಹೇಳಿಕೊಡು. ಪಾಪು ಸ್ನಾನ ಹೇಗೆ ಮಾಡಿಸೋದು?”

ಮಗು ಅವಳ ಮುಖ ನೋಡಿತು. ಗುರು ಎಂಬ ಮಾತು ಅದಕ್ಕೆ ಹಿಡಿಸಿರಬೇಕು. ಗೊಂಬೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸೋಪು ಹಚ್ಚಿತು. ಕೈ ಸಂದು, ಕಾಲ ಸಂದು, ಕಿವಿಯ ಹಿಂದೆ. ಅಷ್ಟು ಅಚ್ಚುಕಟ್ಟಾಗಿ ದೊಡ್ಡವರೂ ಹಚ್ಚಲಾರರು. ತಾಯಂದಿರಲ್ಲೊಬ್ಬಳು “ಅಯ್ಯೋ ನನ್ನ ರಾಜ” ಎಂದಳು. ಮಗು ಆಮೇಲೆ ಗೊಂಬೆಯ ಬಾಯಿಯ ಹತ್ತಿರ ಕಿವಿ ತಂದು, ಅದು ಅಳುತ್ತಿದೆ ಎಂಬಂತೆ ಸಣ್ಣಗೆ ಕುಂಯ್‍ಗುಟ್ಟಿತು. ಮರುಕ್ಷಣ ಅದರ ದನಿ ಬದಲಾಯಿತು. ನಾಲ್ಕು ವರ್ಷದ ಗಂಟಲಿನಿಂದ ಹೊರಟ ಆ ದನಿ ಒರಟಾಗಿ, ಮೆಲ್ಲಗೆ, ಒಂದೊಂದೇ ಮಾತಾಗಿ ಬಂತು.

“ಬಾಯಿ ಮುಚ್ತೀಯೋ ಇಲ್ವೋ?”

ಗೊಂಬೆಯ ಕತ್ತಿನ ಹಿಂಭಾಗವನ್ನು ಹಿಡಿದು ಮುಖ ಕೆಳಗಾಗಿ ನೀರಿಗೆ ಅದುಮಿತು. “ಒಂದು,” ಎಂದಿತು. “ಎರಡು. ಮೂರು.” ಎಣಿಕೆಯಲ್ಲಿ ಆತುರವಿರಲಿಲ್ಲ. ನಾಲ್ಕಕ್ಕೆ ಗೊಂಬೆಯ ಕಾಲನ್ನು ಇನ್ನೊಂದು ಕೈಯಿಂದ ಬಡಬಡ ಒದೆಸಿತು. ಆರಕ್ಕೆ ಒದೆಯುವುದನ್ನು ನಿಧಾನ ಮಾಡಿತು. ಎಂಟಕ್ಕೆ ನಿಲ್ಲಿಸಿತು. “ಒಂಬತ್ತು” ಎಂದು ಎತ್ತಿ, ಗೊಂಬೆಯನ್ನು ಬೋರಲು ಹಾಕಿ ಬೆನ್ನಿಗೆ ಗುದ್ದಿತು. ನೀರು ಕಕ್ಕಿಸುವ ಹಾಗೆ. ಆಮೇಲೆ ತಲೆಯೆತ್ತಿ, ಸರಿಯಾಗಿ ಮಾಡಿದೆನೇ ಎಂಬಂತೆ ಅಪ್ಪನನ್ನು ನೋಡಿತು.

ದೊಡ್ಡಕ್ಕನ ಕಣ್ಣು ತಾನು ನಿಲ್ಲುತ್ತಿದ್ದ ಬಾಗಿಲ ಕಡೆ ಹೋಯಿತು. ಒಂದು ತಿಂಗಳು. ವಾರಕ್ಕೆರಡು ದಿನ. ಬಾಗಿಲಲ್ಲಿ ನಿಂತು ಆ ಎಣಿಕೆ ಕೇಳಿ ಹಿಗ್ಗಿದ್ದಳು.

ಸುತ್ತಿಗೆಯ ಕಾಲು ಮೊದಲು ಆಡಿತು. ಬೋಗುಣಿ ಹಾರಿ ಕಂಬಕ್ಕೆ ಬಡಿಯಿತು. ಅವನ ಕೈ ಮಗುವಿನ ಕೂದಲಿಗೆ ಹೋಗುವಷ್ಟರಲ್ಲಿ ದೊಡ್ಡಕ್ಕ ಮಗುವನ್ನು ಬಾಚಿ ಎದೆಗೆ ಒತ್ತಿಕೊಂಡು ಗೋಡೆಗೆ ತಿರುಗಿದ್ದಳು. ಮೊದಲ ಗುದ್ದು ಅವಳ ಬೆನ್ನಿಗೆ ಬಿತ್ತು. ಪಕ್ಕೆಯೊಳಗೆ ಒಣಕಡ್ಡಿ ಮುರಿದಂಥ ಸದ್ದಾದದ್ದು ಅವಳಿಗೇ ಕೇಳಿಸಿತು.

“ಕೊಡು. ನನ್ನ ಮಗ.”

“ಕೊಡಲ್ಲ.”

“ಹೆತ್ತವನು ನಾನು. ನೀನ್ಯಾರೇ ಕೇಳೋಕೆ?”

“ಕೊಡಲ್ಲ ಅಂದೆ.”

ಅವನು ಅವಳ ತುರುಬು ಹಿಡಿದು ಹಣೆಯನ್ನು ಗೋಡೆಗೆ ಕುಟ್ಟಿದ. ಎರಡನೆಯ ಸಲ ಕುಟ್ಟಿದಾಗ ಸುಣ್ಣದ ಗೋಡೆಯ ಮೇಲೆ ಕೆಂಪು ಉಳಿಯಿತು. ಮಗುವನ್ನು ಬಿಡಿಸಲು ಅವಳ ಬೆರಳನ್ನು ಒಂದೊಂದೇ ಹಿಂದಕ್ಕೆ ಮಡಚತೊಡಗಿದ. ಬಂಡೆಯ ಬಿರುಕು ಹುಡುಕುವ ಬೆರಳುಗಳವು. ಎಲ್ಲಿ ಒತ್ತಿದರೆ ಬಿಡುತ್ತದೆಂದು ಅವಕ್ಕೆ ಗೊತ್ತಿತ್ತು. ಕಿರುಬೆರಳು ಬಿಟ್ಟಿತು. ಪಕ್ಕದ್ದೂ ಬಿಟ್ಟಿತು. ಅವಳು ಅವನ ಮುಂಗೈಗೆ ಹಲ್ಲು ಹಾಕಿದಳು. ಅವನು ಇನ್ನೊಂದು ಕೈಯಿಂದ ದವಡೆಗೆ ಹೊಡೆದ; ಅವಳ ಬಾಯಿಂದ ಹಲ್ಲೊಂದು ಮಗುವಿನ ತಲೆಯ ಮೇಲೆ ಉದುರಿತು. ಮಗು ಅಳಲಿಲ್ಲ. ಅವಳ ಕುತ್ತಿಗೆಗೆ ಮುಖ ಒತ್ತಿಕೊಂಡು, ಉಸಿರು ಬಿಗಿಹಿಡಿದು ಕಾಯುತ್ತಿತ್ತು.

“ಯಾರಾದ್ರೂ ಹಿಡೀರಿ ಅವನನ್ನ!” ಒಬ್ಬ ತಾಯಿ ಕೂಗಿದಳು.

“ಅಪ್ಪ ಮಗನ ವಿಷಯ,” ಎಂದ ಟ್ರ್ಯಾಕ್ಟರಿನವ. ಹೇಳಿ ತನ್ನ ಕಾಲಬೆರಳು ನೋಡಿಕೊಂಡ. ಅಜ್ಜ ಕೋಲು ಹಿಡಿದಿದ್ದ, ಆದರೆ ಊರಿಕೊಳ್ಳಲು ಹಿಡಿದಂತೆ ಹಿಡಿದಿದ್ದ.

ಒಲೆಯ ಕೋಣೆಯಿಂದ ಅಡುಗೆಯಮ್ಮ ಬಂದಳು. ಹಾಲು ಕಾಯಿಸುತ್ತಿದ್ದ ಒಲೆಯಿಂದ ಎಳೆದ ಕೊಳ್ಳಿ ಕೈಯಲ್ಲಿತ್ತು. ಅವಳು ಬೈಯಲಿಲ್ಲ, ಎಚ್ಚರಿಸಲಿಲ್ಲ. ನೇರ ಬಂದು ಅವನ ಕತ್ತಿನ ಹಿಂದಕ್ಕೆ ಕೆಂಡದ ತುದಿ ಒತ್ತಿದಳು. ಚರ್ಮ ಸುಟ್ಟ ವಾಸನೆ ಹಬ್ಬಿತು. ಸುತ್ತಿಗೆ ಗೂಳಿಯಂತೆ ಅರಚಿ, ತಿರುಗಿ, ಅವಳ ಹೊಟ್ಟೆಗೆ ಒದ್ದ. ಒದ್ದ ಭರಕ್ಕೆ ಚೆಲ್ಲಿದ ಸೋಪಿನ ನೀರಲ್ಲಿ ಅವನ ಕಾಲು ಜಾರಿತು. ಹಿಂದಕ್ಕೆ ಬಿದ್ದವನು, ಅಜ್ಜನ ಮೊಮ್ಮಗಳ ಎದುರಿದ್ದ ಬೋಗುಣಿಯ ಮೇಲೆಯೇ ಬಿದ್ದ. ಹುಡುಗಿಯ ಕೈ ಅವನ ಅಡಿಯಲ್ಲಿ ಸಿಕ್ಕಿತು. ಅವಳ ಕೂಗು ಜಗಲಿ ದಾಟಿ ಬಂಡೆಗೆ ಬಡಿದು ಹಿಂದಿರುಗಿತು.

ಆ ಕೂಗಿನ ತನಕ ಅದು ಅಪ್ಪ ಮಗನ ವಿಷಯವಾಗಿತ್ತು. ಆಮೇಲೆ ಆಗಲಿಲ್ಲ. ಅಜ್ಜನ ಕೋಲು ಮೊದಲು ಬಿತ್ತು, ಬಿದ್ದಿದ್ದವನ ಮೊಣಕಾಲಿಗೆ. ಟ್ರ್ಯಾಕ್ಟರಿನವ ಅವನ ಕಾಲು ಹಿಡಿದು ಅಂಗಳಕ್ಕೆ ದರದರ ಎಳೆದ. ಸದ್ದು ಕೇಳಿ ಮೇಲಿನಿಂದ ಕಲ್ಲಿನವರು ಇಳಿದು ಬಂದರು. ಅವರಲ್ಲೊಬ್ಬ ಮೂಗಿಗೆ ಬಟ್ಟೆ ಕಟ್ಟಿಕೊಂಡವನು, ಮುಂಜಾನೆ ಚಹದಂಗಡಿಯಲ್ಲಿ ಏಟು ತಿಂದವನು. ಏನಾಯಿತೆಂದು ಅವರಲ್ಲಿ ಅರ್ಧ ಜನ ಕೇಳಲೂ ಇಲ್ಲ. ಎಷ್ಟೋ ವರ್ಷದಿಂದ ಅವನಿಗೆ ಹೆದರಿ ದಾರಿ ಬಿಟ್ಟ ಕಾಲುಗಳು ಈಗ ಒದೆಯುವ ಸರದಿಗಾಗಿ ನೂಕಾಡಿದವು. ಸುತ್ತಿಗೆ ಮೊದಲು ಬೈದ, ಆಮೇಲೆ ಮುಖ ಮುಚ್ಚಿಕೊಂಡ, ಆಮೇಲೆ ಮುಚ್ಚಿಕೊಳ್ಳುವ ಕೈಯೂ ಕೆಳಗೆ ಬಿತ್ತು.

ದೊಡ್ಡಕ್ಕ ಮಗುವಿನ ಮುಖವನ್ನು ಸೆರಗಿನಿಂದ ಮುಚ್ಚಿ ಜಗಲಿಯ ಕಂಬಕ್ಕೊರಗಿ ನೋಡಿದಳು. ಸಾಕು ಎಂಬ ಮಾತು ಬಾಯಲ್ಲಿತ್ತು, ರಕ್ತದ ಜೊತೆಗೆ. ಅವಳು ರಕ್ತವನ್ನೂ ನುಂಗಿದಳು, ಮಾತನ್ನೂ ನುಂಗಿದಳು. ಇನ್ನೊಂದು ಬೀಳಲಿ ಎಂದುಕೊಂಡಳು. ಬಿತ್ತು. ಇನ್ನೊಂದು. ಅದೂ ಬಿತ್ತು. ಒಳಗೆ ಏನೋ ತಣ್ಣಗಾಗುತ್ತಿತ್ತು, ಅದಕ್ಕೆ ಅವಳಿಗೆ ನಾಚಿಕೆಯೂ ಆಗಲಿಲ್ಲ.

ಅಷ್ಟರಲ್ಲಿ ಕಿಟಕಿ ಕಂಡಿತು. ಸರಳಿನ ಹಿಂದೆ ಮಕ್ಕಳ ಮುಖಗಳು ಒತ್ತೊತ್ತಾಗಿ ಅಂಟಿದ್ದವು. ಯಾವುದೂ ಅಳುತ್ತಿರಲಿಲ್ಲ. ಮೂರು ವರ್ಷದ ಪುಟ್ಟವನೊಬ್ಬ ಮುಷ್ಟಿ ಕಟ್ಟಿ, ಅಜ್ಜನ ಕೋಲು ಏಳುವಾಗ ಎತ್ತಿ, ಬೀಳುವಾಗ ಕಿಟಕಿಯ ಕಟ್ಟೆಗೆ ಕುಟ್ಟುತ್ತಿದ್ದ. ತಾಳ ತಪ್ಪದಂತೆ.

“ಸಾಕು!” ಎಂದು ಕಿರುಚಿದಳು ದೊಡ್ಡಕ್ಕ. “ಸಾಕು ನಿಲ್ಸಿ! ಮಕ್ಕಳು ನೋಡ್ತಾ ಇದಾವೆ ಕಣ್ರೋ!”

ಏಟು ತಿಂದ ದವಡೆಯಿಂದ ಮಾತು ಮಾತಾಗಿ ಹೊರಡಲಿಲ್ಲ. ಅವಳು ಅಂಗಳಕ್ಕಿಳಿದು, ಒಂದು ಕೈಯಲ್ಲಿ ಮಗು ಹೊತ್ತು, ಇನ್ನೊಂದರಿಂದ ಅಜ್ಜನ ಕೋಲು ಹಿಡಿದಳು. ಅಜ್ಜ ಅವಳನ್ನೂ ಹೊಡೆಯುವವನಂತೆ ನೋಡಿ, ಆಮೇಲೆ ಕೈ ಸಡಿಲಿಸಿದ.

ಮಿಟುಕನ ತಾಯಿ ಬಂದಾಗ ಸುತ್ತಿಗೆ ಅಂಗಳದಲ್ಲಿ ಬಿದ್ದಿದ್ದ. ಉಸಿರಿತ್ತು, ಒಂದು ಕಾಲು ಮೊಣಕಾಲಿನಿಂದ ಕೆಳಗೆ ತಿರುಗಬಾರದ ಕಡೆಗೆ ತಿರುಗಿತ್ತು. ಜಲ್ಲಿ ಮಿಷನ್ನಿನ ಪುಡಿ ಬಡಿದು ಅವಳ ರೆಪ್ಪೆ, ಕೂದಲು ಎಲ್ಲ ಬೆಳ್ಳಗಾಗಿದ್ದವು. ಗಂಡನನ್ನು ನೋಡಿದಳು. ದೊಡ್ಡಕ್ಕನ ಮುಖ ನೋಡಿದಳು.

“ಗೊತ್ತಾಯ್ತಾ ನಿಮಗೆ?” ಎಂದಳು.

“ನಿಂಗೆ ಗೊತ್ತಿತ್ತಲ್ಲೇ. ಎಣಿಸ್ತಾನೆ ಅಂತ ನಾನು ಕುಣಿದಾಡಿದಾಗ ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ನೀವು ಹೋಗಿ ಅವರನ್ನ ಕೇಳ್ತಿದ್ರಿ. ಸಂಜೆ ಮನೇಲಿ ನಾವಿಬ್ಬರೇ ಇರ್ತಿದ್ವಿ.” ಅವಳು ಸೆರಗಿನ ತುದಿಯಿಂದ ಮಗನ ತಲೆಯ ಮೇಲಿದ್ದ ದೊಡ್ಡಕ್ಕನ ರಕ್ತ ಒರೆಸಿದಳು. “ಎಣಿಸೋದು ನಾನೇ ಹೇಳಿಕೊಟ್ಟಿದ್ದು ದೊಡ್ಡಕ್ಕ. ಅಪ್ಪ ಎಣಿಸುವಾಗ ನೀನೂ ಒಳಗೊಳಗೇ ಎಣಿಸು, ಒಂಬತ್ತು ಬಂದ್ರೆ ಬಿಡ್ತಾರೆ, ಬಾಯಿ ತೆಗೀಬೇಡ ಅಂತ. ಬೇರೆ ಏನು ಹೇಳಿಕೊಡೋಕೆ ಬರ್ತಿತ್ತು ನಂಗೆ?”

ಟ್ರ್ಯಾಕ್ಟರಿನ ಹಿಂದಿನ ತೊಟ್ಟಿಯಲ್ಲಿ ನಾಲ್ಕು ಜನ ಅವನನ್ನು ಎತ್ತಿ ಹಾಕಿದರು. “ಹತ್ತಮ್ಮ, ಆಸ್ಪತ್ರೇಲಿ ಮನೆಯವರು ಬೇಕಾಗ್ತಾರೆ,” ಎಂದ ಟ್ರ್ಯಾಕ್ಟರಿನವ. ಅವಳು ಚಕ್ರದ ತನಕ ಹೋದಳು. ತೊಟ್ಟಿಯ ಅಂಚಿಗೆ ಕೈಯಿಟ್ಟಳು. ಒಳಗಿನಿಂದ ಸುತ್ತಿಗೆ ಏನೋ ಗೊಣಗಿದ; ಅವಳ ಹೆಸರೋ ಬೈಗುಳವೋ ತಿಳಿಯಲಿಲ್ಲ. ಅವಳು ಕೈ ತೆಗೆದಳು.

“ಮಗನ್ನ ಕೊಡಿ ದೊಡ್ಡಕ್ಕ.”

“ಎಲ್ಲಿಗೆ ಅಂತ ಹೇಳು. ಹೇಳದೆ ಕೊಡಲ್ಲ. ನೀನು ಹೆತ್ತವಳಾದ್ರೂ ಕೊಡಲ್ಲ.”

“ನಮ್ಮಣ್ಣನ ಊರಿಗೆ. ಹತ್ತೂವರೆ ಬಸ್ಸಿದೆ. ಇವರಿಗೆ ಎದ್ದು ನಿಲ್ಲೋಕೆ ಎರಡು ತಿಂಗಳಾದ್ರೂ ಬೇಕು. ಅಷ್ಟು ದಿನದಲ್ಲಿ ಎಷ್ಟು ದೂರ ಹೋಗಬಹುದೋ ಅಷ್ಟು ಹೋಗ್ತೀನಿ.”

ದೊಡ್ಡಕ್ಕ ಮಡಚಿದ್ದ ಕೈ ಬಿಡಿಸಲು ಹೋದರೆ ಬೆರಳು ಮಾತು ಕೇಳಲಿಲ್ಲ. ತಾಯಿಯೇ ಮಗುವನ್ನು ಮೆಲ್ಲಗೆ ಬಿಡಿಸಿಕೊಳ್ಳಬೇಕಾಯಿತು. ಬಟ್ಟೆ ತರಲು ಸಹ ಅವಳು ಮನೆಗೆ ಹೋಗಲಿಲ್ಲ. ಬಿಳಿಯ ಪುಡಿಯನ್ನು ಮೈಮೇಲೆ ಹೊತ್ತುಕೊಂಡೇ, ಮಗನನ್ನು ಕಂಕುಳಲ್ಲಿಟ್ಟುಕೊಂಡು, ಟ್ರ್ಯಾಕ್ಟರ್ ಹೋದ ದಿಕ್ಕಿಗೆ ಬೆನ್ನು ಮಾಡಿ ರಸ್ತೆಗೆ ಇಳಿದಳು.

ಬಂಡೆಯಿಂದ ಜಾರಿ ಬಿದ್ದ ಎಂದು ಕ್ವಾರಿಯವರು ಆಸ್ಪತ್ರೆಯಲ್ಲಿ ಬರೆಸಿದರು. ಅಲ್ಲವೆಂದು ಯಾರೂ ಹೇಳಲಿಲ್ಲ, ಸುತ್ತಿಗೆಯೂ ಹೇಳಲಿಲ್ಲ.

ನಾಲ್ಕನೆಯ ದಿನ ದೊಡ್ಡಕ್ಕ ಬಾಗಿಲು ತೆಗೆದಳು. ದವಡೆಗೆ ಪಟ್ಟಿ, ಎರಡು ಬೆರಳಿಗೆ ಕಟ್ಟು. ಉಸಿರೆಳೆದರೆ ಪಕ್ಕೆಯಲ್ಲಿ ಚುಚ್ಚುತ್ತಿತ್ತು. ಅಂದು ಗೊಂಬೆಸ್ನಾನದ ದಿನ. ಟ್ರ್ಯಾಕ್ಟರಿನವ ಎಲ್ಲರಿಗಿಂತ ಮುಂಚೆ ಬಂದ. ಮಗಳನ್ನು ಒಳಗೆ ಕಳಿಸಿ, ಗೇಟಿನ ಬಳಿ ನಿಂತು, ಬೆರಳ ಗೆಣ್ಣಿನ ಹೆಪ್ಪುಗಟ್ಟಿದ ಗಾಯ ಕೆರೆದುಕೊಂಡ.

“ಅಲ್ಲ ದೊಡ್ಡಕ್ಕ… ನಮ್ಮ ಹುಡುಗೀಗೆ ಆ ಗೊಂಬೆ ಆಟ ಬೇಡ. ನೆಗಡಿ ಆಗುತ್ತೆ ಅವಳಿಗೆ.”

ಆಮೇಲೆ ಒಬ್ಬ ತಾಯಿ. ಅವಳ ಮಗನಿಗೆ ಸೋಪು ಒಗ್ಗುವುದಿಲ್ಲವಂತೆ. ಇನ್ನೊಬ್ಬಳು ಕಾರಣವನ್ನೇ ಹೇಳಲಿಲ್ಲ, ಬೇಡ ಎಂದಷ್ಟೇ ಹೇಳಿ ಹೋದಳು. ಮೂಗಿಗೆ ಬಟ್ಟೆ ಕಟ್ಟಿದವನು ಹೆಂಡತಿಯ ಕೈಯಲ್ಲಿ ಹೇಳಿ ಕಳಿಸಿದ. ಎಲ್ಲರೂ ಬೇರೆ ಬೇರೆಯಾಗಿ ಬಂದರು, ಎಲ್ಲರೂ ದನಿ ತಗ್ಗಿಸಿ ಹೇಳಿದರು, ಒಬ್ಬರೂ ಅವಳ ಕಣ್ಣು ನೋಡಲಿಲ್ಲ.

ಕಡೆಗೆ ಅಜ್ಜ ಬಂದ. ಮೊಮ್ಮಗಳ ಕೈಗೆ ಪಟ್ಟಿ ಕಟ್ಟಿತ್ತು. “ಕೂಸಿಗೆ ಬೇರೆ ಏನಾದ್ರೂ ಕೊಡು ತಾಯಿ. ಗೊಂಬೆ ಮಾತ್ರ ಬೇಡ.”

“ಯಾಕಜ್ಜ?”

“ಏನಿಲ್ಲಮ್ಮ. ಹುಡುಗರು… ಏನೇನೋ ಆಡ್ತಾವೆ.”

“ಹಾಗಾದ್ರೆ ಬನ್ನಿ. ಒಂದು ಗಳಿಗೆ ಅವಳ ಎದುರು ಕೂತ್ಕೊಳ್ಳಿ.”

ಅಜ್ಜ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಕೋಲು ಊರಿಕೊಂಡು ದಿಬ್ಬ ಇಳಿದುಬಿಟ್ಟ.

“ಎಲ್ರೂ ಬೇಡ ಅಂದಮೇಲೆ ನೀರು ಕಾಯಿಸ್ಲಾ, ಒಲೆ ಆರಿಸ್ಲಾ?” ಒಳಗಿನಿಂದ ಅಡುಗೆಯಮ್ಮ ಕೇಳಿದಳು.

“ಕಾಯಿಸು. ಒಬ್ಬರೂ ಮಗುವಿನ ಎದುರು ಕೂತಿಲ್ಲ,” ಎಂದಳು ದೊಡ್ಡಕ್ಕ.

ಕೂಸುಗಳನ್ನು ನೋಡಿಕೊಳ್ಳಲು ಅಡುಗೆಯಮ್ಮನನ್ನೇ ಒಳಗೆ ಕೂರಿಸಿದಳು. ಬೋಗುಣಿಗಳನ್ನು ಸಾಲಾಗಿ ಇಡದೆ ಸುತ್ತಲಿಟ್ಟು, ತನ್ನ ಮಣೆಯನ್ನು ನಡುವೆ ಎಳೆದುಕೊಂಡಳು. ಪಕ್ಕೆ ಹಿಡಿದು ಕೂತಳು. ಈಗ ಯಾವ ಮಗುವಿನ ಬೆನ್ನೂ ಅವಳ ಕಡೆಗಿರಲಿಲ್ಲ. ಅಜ್ಜನ ಮೊಮ್ಮಗಳು ಪಟ್ಟಿಯಿಲ್ಲದ ಕೈಯಿಂದ ಗೊಂಬೆಯೊಂದನ್ನು ಎತ್ತಿಕೊಂಡು, ಅದರ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಅಂಗಿ ಬಿಚ್ಚತೊಡಗಿದಳು.